ಲಾಂಛನ: ಗಡಿ ದಾಟಿದರೆ ಅರ್ಥ ಬೇರೆ

ಬಸದಿಗೆ ಕರೆದುಕೊಂಡು ಹೋದ ಮಕ್ಕಳಿಗೆ ಹಿರಿಯರು ಹೇಳಿಕೊಡುವ ಮೊದಲ ಪಾಠಗಳಲ್ಲಿ ಲಾಂಛನದ ಪಾಠವೂ ಒಂದು. ಪೀಠದಲ್ಲಿ ಎತ್ತು ಇದ್ದರೆ ಆದಿನಾಥ ಸ್ವಾಮಿ, ಆನೆ ಇದ್ದರೆ ಅಜಿತನಾಥರು, ಶಂಖವಿದ್ದರೆ ನೇಮಿನಾಥರು, ಹಾವಿದ್ದರೆ ಪಾರ್ಶ್ವನಾಥರು, ಸಿಂಹವಿದ್ದರೆ ಮಹಾವೀರ ಸ್ವಾಮಿ. ಅಕ್ಷರ ಬಾರದ ಕೂಸಿಗೂ ಇದು ಎರಡು ದಿನದಲ್ಲಿ ಬಾಯಿಪಾಠವಾಗುತ್ತದೆ.

ಕರ್ನಾಟಕದ ಒಳಗಿರುವ ಬಂಧುಗಳಿಗೆ ಈ ಪಾಠದಲ್ಲಿ ತೊಡಕೇನೂ ಇಲ್ಲ. ತೊಡಕು ಇರುವುದು ಗಡಿಯಾಚೆ ನೆಲೆಸಿರುವ ನಮ್ಮ ಮನೆಗಳಲ್ಲಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಮನೆಮಾತು ಕನ್ನಡ, ಮಕ್ಕಳ ಶಾಲೆ ಹೆಚ್ಚಾಗಿ ಮರಾಠಿ. ಮರಾಠಿಯಲ್ಲಿ ಲಾಂಛನ ಎಂದರೆ ಕಳಂಕ, ಅಪವಾದ, ಮಾನ ಕಳೆಯುವ ಮಾತು. ‘ಕುಳಾಲಾ ಲಾಂಛನ’ ಎಂದು ಮರಾಠಿಯವರು ಅಂದರೆ ಮನೆತನಕ್ಕೆ ಕೆಟ್ಟ ಹೆಸರು ತಂದ ಎಂದು ತಿಳಿಯಬೇಕು. ಅದೇ ಮಾತನ್ನು ‘ಕುಲಲಾಂಛನ’ ಎಂದು ಕನ್ನಡದಲ್ಲಿ ಓದಿದರೆ ಮನೆತನದ ಹೆಮ್ಮೆಯ ಗುರುತು! ಶಾಲೆಯಲ್ಲಿ ಮೊದಲನೆಯದನ್ನು ಕಲಿತು ಬಂದ ಹುಡುಗ ಬಸದಿಯಲ್ಲಿ ನಿಂತು, “ಮುತ್ಯಾ, ದೇವರಿಗಿ ಲಾಂಛನ ಯಾಕ ಹಚ್ಯಾರ?” ಎಂದು ಕೇಳಿದರೆ ತಪ್ಪು ಅವನದಲ್ಲ. ಅಂಗಡಿಯ ಲೆಕ್ಕ ಕೂಡಿಸುವಷ್ಟು ಸಲೀಸಾಗಿ ಮುತ್ಯಾ ಇದಕ್ಕೆ ಉತ್ತರ ಕೊಡಲಾರರು.

ಆದೋನಿ, ರಾಯದುರ್ಗ, ಮಡಕಶಿರಾದ ಕಡೆ ಬಂದರೆ ತೊಡಕು ಬೇರೆ ತರಹದ್ದು. ತೆಲುಗಿನಲ್ಲಿ ಲಾಂಛನಂ ಎಂದರೆ ಮರ್ಯಾದೆ, ಪದ್ಧತಿಯಂತೆ ನಡೆಸುವ ಉಪಚಾರ. ದೊಡ್ಡ ಮನುಷ್ಯರು ತೀರಿಕೊಂಡಾಗ ‘ಅಧಿಕಾರ ಲಾಂಛನಾಲತೋ’ ಅಂತ್ಯಕ್ರಿಯೆ ನಡೆಯಿತೆಂದು ಪತ್ರಿಕೆಗಳು ಬರೆಯುತ್ತವೆ. ಸರಕಾರಿ ಗೌರವದೊಡನೆ ಎಂದು ಅದರ ಅರ್ಥ. ‘ಲಾಂಛನಂಗಾ’ ಎಂದರೆ ಔಪಚಾರಿಕವಾಗಿ. ಮದುವೆ ಮಾತುಕತೆಯಲ್ಲಂತೂ ಈ ಶಬ್ದ ಬಂದೇ ಬರುತ್ತದೆ. ವರನ ಅಕ್ಕತಂಗಿಯರಿಗೆ ಹೆಣ್ಣಿನ ಕಡೆಯವರು ಕೊಡಬೇಕಾದ ಉಡುಗೊರೆಗೆ ‘ಆಡಪಡುಚು ಲಾಂಛನಾಲು’ ಎಂದು ಹೆಸರು. ಆ ಕಡೆಯಿಂದ ಹೆಣ್ಣು ತಂದ ನಮ್ಮ ಮನೆಗಳಲ್ಲಿ ಬೀಗರು ‘ಲಾಂಛನಾಲು’ ಎಂದಾಗ ಬಸದಿಯ ಪೀಠ ನೆನೆಸಿಕೊಂಡವರು ಇದ್ದಾರೆ. ಹಣದ ವಿಷಯ ಎಂದು ತಿಳಿಯಲು ತುಸು ಹೊತ್ತು ಹಿಡಿಯುತ್ತದೆ.

ಹೊಸೂರು, ತಾಳವಾಡಿಯ ತಮಿಳಿನಲ್ಲಿ ‘ಇಲಚ್ಚಿನೈ’ ಎಂದರೆ ಮುದ್ರೆ, ಠಸ್ಸೆ. ಅದು ನಮ್ಮ ಅರ್ಥಕ್ಕೆ ಹತ್ತಿರ. ಕಾಸರಗೋಡು, ವಯನಾಡಿನ ಮಲಯಾಳದಲ್ಲಿ ಲಾಂಛನ ಎಂದರೆ ಸುಳಿವು, ತೆಳುವಾದ ಛಾಯೆ ಎಂಬ ಅರ್ಥಕ್ಕೆ ಜಾರಿದೆ.

ಹೀಗೆ ಒಂದೇ ಶಬ್ದ ನಾಲ್ಕು ದಿಕ್ಕಿನ ಗಡಿಯಲ್ಲಿ ನಾಲ್ಕು ವೇಷ ಹಾಕಿದೆ. ಕೆಲವು ಮನೆಗಳಲ್ಲಿ ಈ ಗೊಂದಲ ಬೇಡವೆಂದು ಶಬ್ದವನ್ನೇ ಬಿಟ್ಟು ‘ಚಿಹ್ನೆ’ ಎನ್ನುವ ರೂಢಿ ಬಂದಿದೆ. ಚಿಹ್ನೆ ಎಂದರೂ ದೋಷವಿಲ್ಲ. ಆದರೆ ಸಂಕೋಚಪಟ್ಟು ಬಿಡುವಂಥ ಶಬ್ದ ಇದಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುತ್ತೇನೆ.

ಚಂದ್ರನ ಕಲೆ

ಸಂಸ್ಕೃತದ ಧಾತುಪಾಠದಲ್ಲಿ ಲಾಂಛ್ ಧಾತುವಿಗೆ ಗುರುತು ಮಾಡು ಎಂಬ ಅರ್ಥವಿದೆ. ಲಕ್ಷಣ, ಲಕ್ಷ್ಮ ಎಂಬ ಶಬ್ದಗಳು ಹುಟ್ಟಿದ ಲಕ್ಷ್ ಧಾತುವೇ ಜನರ ಬಾಯಲ್ಲಿ, ಪ್ರಾಕೃತದ ರೀತಿಯಲ್ಲಿ, ಲಾಂಛ್ ಆಗಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ‘ಕ್ಷ’ ಹೋಗಿ ‘ಛ’ ಬರುವುದು ಪ್ರಾಕೃತ ಓದಿದವರಿಗೆ ಹೊಸದಲ್ಲ. ಪಾಲಿಯಲ್ಲಿಯೂ ಲಂಛನ ಎಂದರೆ ಗುರುತು, ಮುದ್ರೆ. ಮೂಲದಲ್ಲಿ ಶಬ್ದಕ್ಕೆ ಒಳ್ಳೆಯದು ಕೆಟ್ಟದ್ದು ಎಂಬ ಭೇದವೇ ಇರಲಿಲ್ಲ. ಕಣ್ಣಿಗೆ ಕಾಣುವ, ಇದು ಇಂಥದ್ದೆಂದು ತೋರಿಸಿಕೊಡುವ ಗುರುತು, ಅಷ್ಟೆ.

ಭೇದ ಬಂದದ್ದು ಚಂದ್ರನಿಂದ. ಅಮರಕೋಶವನ್ನು ತೆಗೆದು ನೋಡಿ. ಅಲ್ಲಿ ಕಲಂಕ, ಅಂಕ, ಲಾಂಛನ, ಚಿಹ್ನ, ಲಕ್ಷ್ಮ, ಲಕ್ಷಣ ಎಂಬ ಆರನ್ನೂ ಸಮಾನಾರ್ಥಕಗಳೆಂದು ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ, ಅದೂ ಚಂದ್ರನನ್ನು ಕುರಿತ ಮಾತಿನ ಹತ್ತಿರ. ಚಂದ್ರನ ಮೈಮೇಲಿನ ಕಪ್ಪನ್ನು ಕೆಲವರು ಮೊಲ ಎಂದರು, ಕೆಲವರು ಜಿಂಕೆ ಎಂದರು. ಅದರಿಂದಲೇ ಚಂದ್ರನಿಗೆ ಶಶಾಂಕ, ಮೃಗಾಂಕ, ಮೃಗಲಾಂಛನ ಎಂಬ ಹೆಸರುಗಳು. ಬೆಳ್ಳಗಿನ ಬಿಂಬದ ಮೇಲಿನ ಕಪ್ಪನ್ನು ಗುರುತು ಎಂದು ನೋಡಿದವರಿಗೆ ಅದು ಅಂಕ, ಕೊರತೆ ಎಂದು ನೋಡಿದವರಿಗೆ ಕಳಂಕ. ಮರಾಠಿ, ಹಿಂದಿಗಳು ಎರಡನೆಯ ದಾರಿ ಹಿಡಿದವು. ಕನ್ನಡ ಮೊದಲನೆಯದನ್ನೇ ಹಿಡಿದು ನಿಂತಿತು.

ನಮ್ಮ ತೀರ್ಥಂಕರರಲ್ಲಿ ಎಂಟನೆಯವರಾದ ಚಂದ್ರಪ್ರಭರಿಗೆ ಚಂದ್ರನೇ ಲಾಂಛನ. ಹದಿನಾರನೆಯವರಾದ ಶಾಂತಿನಾಥರಿಗೆ ಜಿಂಕೆ. ಅಂದರೆ ಲೋಕ ಯಾವುದನ್ನು ಚಂದ್ರನ ಕಲೆ ಎಂದಿತೋ ಅದು ಶಾಂತಿನಾಥರ ಪೀಠದ ಗುರುತು. ಮೃಗಲಾಂಛನ ಎಂಬ ಮಾತು ಚಂದ್ರನಿಗೂ ಸಲ್ಲುತ್ತದೆ, ಶಾಂತಿನಾಥ ಸ್ವಾಮಿಗೂ ಸಲ್ಲುತ್ತದೆ. ಮೊಮ್ಮಕ್ಕಳಿಗೆ ಉತ್ತರ ಹೇಳಬೇಕಾದ ಮುತ್ಯಾನಿಗೆ ಇದೊಂದೇ ಉದಾಹರಣೆ ಸಾಕಾಗಬಹುದು. ಮರಾಠಿ ಮಾತಾಡುವ ಜೈನರೂ ತೀರ್ಥಂಕರರ ಗುರುತಿಗೆ ಲಾಂಛನ ಎಂದೇ ಬರೆಯುತ್ತಾರೆಂಬುದನ್ನು ಮರೆಯಬಾರದು. ಆ ಭಾಷೆಯೊಳಗೂ ನಮ್ಮ ಅರ್ಥ ಬಸದಿಯ ಬಾಗಿಲ ಒಳಗೆ ಉಳಿದುಕೊಂಡಿದೆ.

ಇನ್ನೊಂದು ದೊಡ್ಡ ಸಾಕ್ಷಿ ಶಾಸನಗಳದು. ಶ್ರವಣಬೆಳಗೊಳ ಮೊದಲಾಗಿ ಕನ್ನಡ ನಾಡಿನ ಹಲವಾರು ಜೈನ ಶಾಸನಗಳು ಒಂದೇ ಮಂಗಳ ಶ್ಲೋಕದಿಂದ ಆರಂಭವಾಗುತ್ತವೆ. ಅದು ಅಕಲಂಕ ದೇವರ ‘ಪ್ರಮಾಣಸಂಗ್ರಹ’ದ ಶ್ಲೋಕ. ಸ್ಯಾದ್ವಾದವನ್ನೇ ಜಿನಶಾಸನದ ಎಂದೂ ಹುಸಿಯಾಗದ ಲಾಂಛನವೆಂದು ಅದು ಕೊಂಡಾಡುತ್ತದೆ. ಎಂಟನೆಯ ಶತಮಾನದ ಆ ಮಹಾ ತಾರ್ಕಿಕರ ಹೆಸರಿನ ಅರ್ಥ ಕಳಂಕವಿಲ್ಲದವರು. ಅಮರಕೋಶದ ಪ್ರಕಾರ ಕಳಂಕಕ್ಕೂ ಲಾಂಛನಕ್ಕೂ ಒಂದೇ ಅರ್ಥ. ಆದರೂ ಕಳಂಕವಿಲ್ಲದ ಆಚಾರ್ಯರು ಧರ್ಮಕ್ಕೆ ಲಾಂಛನವಿದೆ ಎಂದು ಹೊಗಳಿದರು! ಸ್ಯಾತ್ ಎಂದರೆ ಒಂದು ಅಪೇಕ್ಷೆಯಿಂದ ನೋಡಿದಾಗ. ಒಂದು ಅಪೇಕ್ಷೆಯಿಂದ ಲಾಂಛನ ಕಲೆ, ಇನ್ನೊಂದು ಅಪೇಕ್ಷೆಯಿಂದ ಗುರುತು. ಮಕ್ಕಳಿಗೆ ಸ್ಯಾದ್ವಾದ ಕಲಿಸಲು ಗಡಿನಾಡಿನ ಮನೆಗಳಿಗೆ ಇದಕ್ಕಿಂತ ಸುಲಭದ ಪಾಠ ಸಿಗಲಾರದು.

ಪೀಠಕ್ಕೆ ಲಾಂಛನ ಬಂದದ್ದು ಯಾವಾಗ

ಜನ್ಮಾಭಿಷೇಕದ ಹೊತ್ತಿನಲ್ಲಿ ಬಾಲಕ ತೀರ್ಥಂಕರರ ಬಲಗಾಲಿನಲ್ಲಿ ಕಂಡ ಗುರುತನ್ನೇ ಇಂದ್ರನು ಲಾಂಛನವೆಂದು ಸಾರಿದನೆಂದು ನಮ್ಮ ಕಡೆ ಹೇಳುವುದುಂಟು. ಅದು ಶ್ರದ್ಧೆಯ ಮಾತು. ಕಲ್ಲಿನ ಚರಿತ್ರೆ ಬೇರೆ ಒಂದು ಸಂಗತಿ ಹೇಳುತ್ತದೆ, ಅದನ್ನು ತಿಳಿದರೆ ಶ್ರದ್ಧೆಗೇನೂ ಧಕ್ಕೆಯಿಲ್ಲ. ಮಥುರೆಯಲ್ಲಿ ದೊರೆತ ಕುಷಾಣರ ಕಾಲದ ಜಿನಬಿಂಬಗಳ ಪೀಠದಲ್ಲಿ ಲಾಂಛನವೇ ಇಲ್ಲ. ಭುಜದ ಮೇಲೆ ಇಳಿಬಿದ್ದ ಕೂದಲಿನಿಂದ ಆದಿನಾಥರನ್ನು, ಹಾವಿನ ಹೆಡೆಯಿಂದ ಪಾರ್ಶ್ವನಾಥರನ್ನು ಗುರುತಿಸಬೇಕು. ಉಳಿದವರನ್ನು ಗುರುತಿಸಲು ಪೀಠದ ಬರಹವೇ ಗತಿ. ಆ ಬರಹಗಳಲ್ಲಿ ಬಿಂಬ ಮಾಡಿಸಿದವರ ಹೆಸರುಗಳಿವೆ. ಅವರಲ್ಲಿ ವ್ಯಾಪಾರಿಗಳು, ಲೋಹದ ಕೆಲಸದವರು, ಸುಗಂಧ ಮಾರುವವರು, ಅವರ ಮನೆಯ ಹೆಣ್ಣುಮಕ್ಕಳು ಕಾಣುತ್ತಾರೆ. ನಮ್ಮಂಥ ಅಂಗಡಿಕಾರರ ಹೆಸರು ತೀರ್ಥಂಕರರ ಲಾಂಛನಕ್ಕಿಂತ ಮೊದಲೇ ಪೀಠ ಸೇರಿತ್ತು ಎಂದರೆ ನಗೆ ಬರಬಹುದು, ಆದರೆ ನಿಜ.

ಲಾಂಛನ ಕಾಣುವ ಅತಿ ಹಳೆಯ ಬಿಂಬವೆಂದು ವಿದ್ವಾಂಸರು ಹೇಳುವುದು ಬಿಹಾರದ ರಾಜಗೃಹದ ವೈಭಾರ ಬೆಟ್ಟದ ನೇಮಿನಾಥರನ್ನು. ಪೀಠದ ನಡುವೆ ಚಕ್ರ, ಅದರ ಎರಡೂ ಬದಿಗೆ ಶಂಖ. ಬರಹದಲ್ಲಿ ಚಂದ್ರ ಎಂಬ ಮಹಾರಾಜಾಧಿರಾಜನ ಹೆಸರಿರುವುದರಿಂದ ಇದು ಗುಪ್ತರ ಎರಡನೆಯ ಚಂದ್ರಗುಪ್ತನ ಕಾಲದ್ದು, ಅಂದರೆ ಕ್ರಿ.ಶ. 400ರ ಸುಮಾರಿನದು ಎಂದು ಎಣಿಸುತ್ತಾರೆ. ಇಪ್ಪತ್ತನಾಲ್ಕು ತೀರ್ಥಂಕರರಿಗೂ ಲಾಂಛನ ನಿಶ್ಚಯವಾಗಿ ಶಿಲ್ಪದಲ್ಲಿ ರೂಢಿಯಾದದ್ದು ಅದಕ್ಕೂ ಈಚೆಗೆ.

ಅದರಿಂದಲೇ ದಿಗಂಬರ ಶ್ವೇತಾಂಬರ ಪಟ್ಟಿಗಳಲ್ಲಿ ಕೆಲವು ವ್ಯತ್ಯಾಸಗಳು ಉಳಿದಿವೆ. ಹತ್ತನೆಯ ಶೀತಲನಾಥರಿಗೆ ನಾವು ಕಲ್ಪವೃಕ್ಷ ಎಂದರೆ ಶ್ವೇತಾಂಬರ ಬಂಧುಗಳು ಶ್ರೀವತ್ಸ ಎನ್ನುತ್ತಾರೆ. ಹದಿನೆಂಟನೆಯ ಅರನಾಥರಿಗೆ ನಮ್ಮಲ್ಲಿ ಮೀನು, ಅವರಲ್ಲಿ ನಂದ್ಯಾವರ್ತ. ಹದಿನಾಲ್ಕನೆಯ ಅನಂತನಾಥರದ್ದು ಇನ್ನೂ ಸ್ವಾರಸ್ಯ: ಶ್ವೇತಾಂಬರರಲ್ಲಿ ಗಿಡುಗ, ನಮ್ಮಲ್ಲಿ ಕೆಲವರು ಮುಳ್ಳುಹಂದಿ ಎಂದರೆ ಕೆಲವರು ಕರಡಿ ಎನ್ನುತ್ತಾರೆ. ವಯನಾಡಿನ ಕಲ್ಪೆಟ್ಟಾ ಹತ್ತಿರದ ಪುಳಿಯಾರ್‌ಮಲೆಯಲ್ಲಿ ಅನಂತನಾಥ ಸ್ವಾಮಿಯ ಬಸದಿ ಇದೆ. ಅಲ್ಲಿಗೆ ಹೋಗುವ ಗುಜರಾತಿ, ಮಾರವಾಡಿ ಸ್ನೇಹಿತರನ್ನು ಕರೆದುಕೊಂಡು ಹೋದವರು ಈ ಭೇದವನ್ನು ಮೊದಲೇ ಹೇಳಿಟ್ಟರೆ ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಪೀಠದ ಎರಡು ತುದಿಗಳಲ್ಲಿ ಸಿಂಹಗಳನ್ನು ಕಂಡ ಕೂಡಲೇ ಮಹಾವೀರ ಸ್ವಾಮಿ ಎಂದು ಕೈಮುಗಿಯುವ ಅಭ್ಯಾಸ ಹಲವರಿಗೆ ಇದೆ. ಕೈಮುಗಿಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಆ ಸಿಂಹಗಳು ಲಾಂಛನವಲ್ಲ, ಅವು ಸಿಂಹಾಸನವನ್ನು ಹೊತ್ತ ಸಿಂಹಗಳು. ಯಾವ ತೀರ್ಥಂಕರರ ಪೀಠದಲ್ಲಿಯೂ ಇರಬಹುದು. ಲಾಂಛನ ಇರುವುದು ನಡುವೆ. ದಕ್ಷಿಣದ ಎಷ್ಟೋ ಹಳೆಯ ಬಿಂಬಗಳಲ್ಲಿ ನಡುವೆ ಏನೂ ಇರುವುದಿಲ್ಲ. ಆಗ ಬದಿಯ ಯಕ್ಷ ಯಕ್ಷಿಯರನ್ನು ನೋಡಬೇಕು, ಬರಹವಿದ್ದರೆ ಓದಬೇಕು. ಹೆಡೆ ಕಂಡರೂ ಅವಸರ ಬೇಡ. ಏಳನೆಯ ಸುಪಾರ್ಶ್ವನಾಥರಿಗೂ ಹೆಡೆ ಇರುವುದುಂಟು. ಸಾಮಾನ್ಯವಾಗಿ ಅವರಿಗೆ ಐದು, ಪಾರ್ಶ್ವನಾಥರಿಗೆ ಏಳು. ಬಾಹುಬಲಿಗೆ ಲಾಂಛನ ಯಾವುದು ಎಂದು ಮಕ್ಕಳು ಕೇಳಿದರೆ ಇಲ್ಲವೆಂದೇ ಹೇಳಬೇಕು. ಅವರು ತೀರ್ಥಂಕರರಲ್ಲ. ಮೈಗೆ ಹಬ್ಬಿದ ಬಳ್ಳಿಯೇ ಅವರ ಗುರುತು.

ಅರಮನೆಯಿಂದ ಗಲ್ಲಾಪೆಟ್ಟಿಗೆಗೆ

ಕನ್ನಡದಲ್ಲಿ ಈ ಶಬ್ದಕ್ಕೆ ಹಿರಿಮೆ ಉಳಿಯಲು ಅರಸರೂ ಕಾರಣ. ಬಾದಾಮಿ ಚಾಲುಕ್ಯರು ನಾರಾಯಣನ ಪ್ರಸಾದದಿಂದ ವರಾಹ ಲಾಂಛನ ಪಡೆದವರೆಂದು ತಮ್ಮ ತಾಮ್ರಪಟಗಳಲ್ಲಿ ಹೇಳಿಕೊಂಡರು. ರಾಷ್ಟ್ರಕೂಟರದು ಗರುಡ, ಗಂಗರದು ಆನೆ, ತೆಲಂಗಾಣದ ಕಾಕತೀಯರದು ಮತ್ತೆ ವರಾಹ. ಗೋವೆಯ ಕದಂಬರು ತಮ್ಮ ನಾಣ್ಯಗಳ ಮೇಲೆ ಸಿಂಹವನ್ನು ಅಚ್ಚೊತ್ತಿದರು. ಅವರ ಲಾಂಛನ ಸಿಂಹ, ಧ್ವಜದಲ್ಲಿ ಮಾತ್ರ ವಾನರ. ಲಾಂಛನ ಬೇರೆ, ಧ್ವಜ ಬೇರೆ ಎಂಬುದು ಆಗಿನವರಿಗೆ ಸ್ಪಷ್ಟವಿತ್ತು. ಲಾಂಛನ ದಾನಪತ್ರದ ಮುದ್ರೆಗೆ, ಧ್ವಜ ರಣರಂಗಕ್ಕೆ ಮತ್ತು ಮೆರವಣಿಗೆಗೆ. ಹದಿಮೂರನೆಯ ವಿಮಲನಾಥರ ಲಾಂಛನವೂ ವರಾಹವೇ ಆದ್ದರಿಂದ ಚಾಲುಕ್ಯರ ವರಾಹಕ್ಕೂ ಅದಕ್ಕೂ ಸಂಬಂಧ ಕಲ್ಪಿಸುವವರಿದ್ದಾರೆ. ಹಾಗೆ ಮಾಡಬಾರದು. ಅರಸರದು ವಿಷ್ಣುವಿನ ವರಾಹವೆಂದು ಅವರ ಪತ್ರಗಳೇ ಹೇಳುತ್ತವೆ.

ವ್ಯಾಪಾರಿಗಳು ನೆನಪಿಡಬೇಕಾದ್ದು ಮುಂದಿನದು. ಈ ಹಂದಿಯ ಗುರುತು ಚಿನ್ನದ ನಾಣ್ಯದ ಮೇಲೆ ಬಿತ್ತು, ನಾಣ್ಯಕ್ಕೇ ವರಾಹ ಎಂಬ ಹೆಸರಾಯಿತು. ವಿಜಯನಗರದ ಕಾಲಕ್ಕೆ ಸುಮಾರು 3.4 ಗ್ರಾಂ ತೂಕದ ವರಾಹಗಳ ಮೇಲೆ ಉಮಾಮಹೇಶ್ವರರು, ಲಕ್ಷ್ಮೀನಾರಾಯಣರು, ಗಂಡಭೇರುಂಡ ಕಾಣುತ್ತವೆ. ಹೈದರ್ ಅಲಿಯ ಚಿನ್ನದ ನಾಣ್ಯದ ಮೇಲೆಯೂ ಶಿವಪಾರ್ವತಿಯರೇ ಇದ್ದರು, ಹೆಸರು ಮಾತ್ರ ಹೈದರಿ ವರಾಹ. ಗುರುತು ಹೋಗಿ ಎಷ್ಟೋ ಕಾಲವಾದರೂ ಹೆಸರು ಪೇಟೆಯಲ್ಲಿ ಚಲಾವಣೆಯಾಗುತ್ತಲೇ ಇತ್ತು. ಲಾಂಛನವೊಂದು ಹಣದ ಹೆಸರಾಗಿ ನಿಂತದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ತೆಲುಗಿನ ಅರ್ಥಕ್ಕೂ ಇಲ್ಲಿಯೇ ಕೀಲಿಕೈ ಇದೆ ಎಂದು ನನಗನಿಸುತ್ತದೆ. ಅರಸನ ಗುರುತೆಂದರೆ ಮುದ್ರೆ ಒಂದೇ ಅಲ್ಲ, ಕೊಡೆ, ಚಾಮರ, ಪಲ್ಲಕ್ಕಿ, ವಾದ್ಯಗಳೂ ರಾಜಲಾಂಛನಗಳೇ. ಅವುಗಳೊಂದಿಗೆ ನಡೆದ ಕಾರ್ಯ ಮರ್ಯಾದೆಯ ಕಾರ್ಯ. ಕ್ರಮೇಣ ಮರ್ಯಾದೆಗೇ ಲಾಂಛನ ಎಂಬ ಹೆಸರು ಬಂದು, ಮುಂದೆ ಮರ್ಯಾದೆಯ ಹೆಸರಿನಲ್ಲಿ ಕೊಡುವ ಸೀರೆ, ನಗದಿಗೂ ಅದೇ ಹೆಸರು ಹತ್ತಿರಬೇಕು. ಬೀಗರ ‘ಲಾಂಛನಾಲು’ ಅರಮನೆಯಿಂದಲೇ ಇಳಿದು ಬಂದದ್ದು ಎಂದುಕೊಂಡರೆ ಕೊಡುವವರಿಗೆ ಸಮಾಧಾನವಾದೀತೋ ಇಲ್ಲವೋ ಹೇಳಲಾರೆ.

ಗುರುತಿನೊಂದಿಗೆ ಕಟ್ಟಳೆಯೂ ಬರುತ್ತದೆಂಬುದಕ್ಕೆ ಶಿವಮೊಗ್ಗ ಸೀಮೆಯ ಕಲ್ಲೂರುಗುಡ್ಡದ ಹನ್ನೆರಡನೆಯ ಶತಮಾನದ ಶಾಸನ ನೋಡಬೇಕು. ಗಂಗರ ಮೂಲಪುರುಷರಾದ ದಡಿಗ ಮಾಧವರಿಗೆ ಸಿಂಹನಂದಿ ಆಚಾರ್ಯರು ರಾಜ್ಯ ಕಟ್ಟಿಕೊಟ್ಟು, ತಮ್ಮ ನವಿಲುಗರಿಯ ಪಿಂಛಿಯನ್ನೇ ಧ್ವಜವಾಗಿ ಕೊಟ್ಟರೆಂದು ಅದರಲ್ಲಿದೆ. ಜೊತೆಗೆ ಷರತ್ತುಗಳೂ ಇವೆ. ಕೊಟ್ಟ ಮಾತಿಗೆ ತಪ್ಪಿದರೆ, ಜಿನಶಾಸನಕ್ಕೆ ಒಪ್ಪದಿದ್ದರೆ, ಪರಸ್ತ್ರೀಯರನ್ನು ಬಯಸಿದರೆ, ಮಧುಮಾಂಸ ಸೇವಿಸಿದರೆ ವಂಶ ಅಳಿಯುತ್ತದೆ. ಮುನಿಗಳ ವಿಷಯದಲ್ಲಿ ಕೊಂಡಕುಂದಾಚಾರ್ಯರ ಅಷ್ಟಪಾಹುಡ ಇನ್ನೂ ಕಟ್ಟುನಿಟ್ಟು. ಅಲ್ಲಿ ‘ಲಿಂಗ’ವೆಂದರೆ ಮುನಿಯ ಹೊರಗುರುತು, ಒಳಗೆ ಭಾವವಿಲ್ಲದೆ ಅದನ್ನು ಧರಿಸಿ ಪ್ರಯೋಜನವಿಲ್ಲ ಎಂದು ಅವರು ಮುಲಾಜಿಲ್ಲದೆ ಹೇಳಿದ್ದಾರೆ. ಅವರ ಊರೆಂದು ನಂಬಿರುವ ಕೊನಕೊಂಡ್ಲ ಗುಂತಕಲ್ಲಿನ ಸಮೀಪದ್ದೇ, ಆದೋನಿ ರಾಯದುರ್ಗದವರಿಗೆ ನೆರೆಯ ಊರು.

ಬಿಲ್ಲೆ, ಠಸ್ಸೆ, ಮಾರ್ಕು

ಇಷ್ಟು ದೊಡ್ಡ ಶಬ್ದದ ಪಕ್ಕದಲ್ಲಿ ಬಡ ಶಬ್ದವೊಂದಿದೆ, ಬಿಲ್ಲೆ. ಮಾರ್ಕೆಟ್ ಯಾರ್ಡಿನ ಹಮಾಲರ ತೋಳಿನ ಬಿಲ್ಲೆ, ಕಚೇರಿಯ ಜವಾನನ ಪಟ್ಟಿಯ ಹಿತ್ತಾಳೆ ಬಿಲ್ಲೆ. ಮರಾಠಿಯಲ್ಲಿ ಬಿಲ್ಲಾ, ತೆಲುಗಿನಲ್ಲಿ ಬಿಳ್ಳ. ಮೂರೂ ಕಡೆ ಅರ್ಥ ಒಂದೇ, ಯಾವ ಜಗಳವೂ ಇಲ್ಲ. ಚಪರಾಸಿ ಎಂಬ ಹೆಸರು ಬಂದದ್ದೂ ಬಿಲ್ಲೆಯಿಂದಲೇ: ಚಪರಾಸ್ ಎಂದರೆ ಆ ಹಿತ್ತಾಳೆಯ ಫಲಕ, ಅದನ್ನು ತೊಟ್ಟವನು ಚಪರಾಸಿ. ಫಾರಸಿಯಲ್ಲಿ ಎಡಬಲ ಎಂಬ ಮಾತಿನಿಂದ ಅದು ಹುಟ್ಟಿತೆಂದು ಹೇಳುತ್ತಾರೆ.

ಲಾಂಛನವನ್ನು ಮಾತ್ರ ಕನ್ನಡ ಸರಕಾರಿ ಮಾತಿನಲ್ಲಿಯೂ ಎತ್ತರದಲ್ಲಿಯೇ ಇಟ್ಟಿದೆ. 1950ರ ಜನವರಿ 26ರಂದು ಸ್ವೀಕರಿಸಿದ ಸಾರನಾಥದ ಸಿಂಹಗಳು ನಮಗೆ ರಾಷ್ಟ್ರಲಾಂಛನ. ಮರಾಠಿಯವರು ರಾಜಮುದ್ರಾ ಎನ್ನುತ್ತಾರೆ. ಕರ್ನಾಟಕದ ಗಂಡಭೇರುಂಡ ರಾಜ್ಯಲಾಂಛನ. ಜೈನರೆಲ್ಲ ಸೇರಿ ಮಹಾವೀರ ಸ್ವಾಮಿಯ 2500ನೆಯ ನಿರ್ವಾಣೋತ್ಸವದ ಹೊತ್ತಿನಲ್ಲಿ, 1974-75ರಲ್ಲಿ, ಒಪ್ಪಿಕೊಂಡ ಚಿತ್ರವನ್ನು ಮಾತ್ರ ಜೈನ ಪ್ರತೀಕ ಎನ್ನುತ್ತೇವೆ. ಅದು ಸರಿಯಾಗಿಯೇ ಇದೆ. ಲೋಕಾಕಾರ, ಸ್ವಸ್ತಿಕ, ಅಭಯಹಸ್ತಗಳು ತತ್ತ್ವವನ್ನು ಸೂಚಿಸುತ್ತವೆ, ಆದ್ದರಿಂದ ಪ್ರತೀಕ. ಯಾರದು ಎಂದು ತೋರಿಸಿಕೊಡುವುದು ಲಾಂಛನ.

ಅಂಗಡಿ ಹೆಸರಿಗೆ ಮಾರ್ಕು ಮಾಡಿಸುವವರು ಎರಡು ಕಾಯಿದೆಗಳನ್ನು ತಿಳಿದಿರಬೇಕು. ರಾಷ್ಟ್ರಲಾಂಛನವನ್ನು ವ್ಯಾಪಾರಕ್ಕೆ ಬಳಸಲು 1950ರ ಕಾಯಿದೆಯ ಪ್ರಕಾರವೇ ಅವಕಾಶವಿಲ್ಲ. 2005ರಲ್ಲಿ ಅದಕ್ಕೆಂದೇ ಪ್ರತ್ಯೇಕ ಕಾಯಿದೆಯೂ ಆಯಿತು. 1999ರ ಟ್ರೇಡ್ ಮಾರ್ಕ್ ಕಾಯಿದೆ ಧಾರ್ಮಿಕ ಭಾವನೆ ನೋಯಿಸುವಂಥ ಮಾರ್ಕುಗಳನ್ನು ನೋಂದಾಯಿಸುವುದಿಲ್ಲ. ಆನೆ, ಸಿಂಹ, ಕಲಶ ಎಲ್ಲರ ಮಾರ್ಕುಗಳಲ್ಲೂ ಇರುತ್ತವೆ, ಅದಕ್ಕೆ ತಕರಾರಿಲ್ಲ. ಆದರೆ ತೀರ್ಥಂಕರರ ಬಿಂಬ ಸಮೇತ ಲಾಂಛನವನ್ನು ಚೀಲದ ಮೇಲೆ ಅಚ್ಚು ಹಾಕಿಸಿದರೆ ಆ ಚೀಲ ನಾಳೆ ಯಾರ ಕಾಲಡಿ ಬೀಳುತ್ತದೆಂದು ಯೋಚಿಸುವುದು ಒಳ್ಳೆಯದು.

ಕೊನೆಗೆ ಮನೆಯ ಚೈತ್ಯಾಲಯದ ಒಂದು ಮಾತು. ಊರು ಬಿಟ್ಟು ಬಂದಾಗ ಹಿರಿಯರು ಜೊತೆಗೆ ತಂದ ಪಂಚಲೋಹದ ಸಣ್ಣ ಬಿಂಬಗಳು ಹಲವು ಮನೆಗಳಲ್ಲಿವೆ. ತಲೆಮಾರುಗಳ ಅಭಿಷೇಕ, ಹುಣಸೆಹಣ್ಣು ಹಚ್ಚಿ ಉಜ್ಜಿದ್ದು, ಇವುಗಳಿಂದ ಮೊದಲು ಸವೆಯುವುದು ಪೀಠದ ಆ ಪುಟ್ಟ ಲಾಂಛನವೇ. ಎತ್ತೋ ಎಮ್ಮೆಯೋ ತಿಳಿಯದೆ ಹೋದರೆ ಆದಿನಾಥರೋ ವಾಸುಪೂಜ್ಯರೋ ಹೇಳಲಾಗದು, ಮನೆಯಲ್ಲಿ ಬರೀ ‘ದೇವರು’ ಎಂದು ಉಳಿಯುತ್ತಾರೆ. ಇನ್ನೂ ಕಾಣುತ್ತಿದ್ದರೆ ಈಗಲೇ ಹಗಲು ಬೆಳಕಿನಲ್ಲಿ ಪೀಠದ ಫೋಟೋ ತೆಗೆದು, ತೀರ್ಥಂಕರರ ಹೆಸರು ಬರೆದು, ಮನೆಯ ಕಾಗದಪತ್ರಗಳ ಜೊತೆಗಿಡಿ. ಉಜ್ಜುವುದನ್ನು ನಿಲ್ಲಿಸಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು. ಲಾಂಛನ ಸವೆದೇ ಹೋಗಿದ್ದರೆ ಬಿಂಬದ ಹಿಂಬದಿ ನೋಡಿ. ಮಾಡಿಸಿದವರ ಹೆಸರು, ಕೆಲವೊಮ್ಮೆ ತೀರ್ಥಂಕರರ ಹೆಸರೂ, ಹಳೆಯ ಕನ್ನಡ ಅಕ್ಷರಗಳಲ್ಲಿ ಅಲ್ಲಿ ಕೊರೆದಿರುವುದುಂಟು. ಕೈ ಅಲ್ಲಿಯವರೆಗೆ ಹೋಗದ ಕಾರಣ ಅದು ಹೆಚ್ಚು ಸವೆದಿರುವುದಿಲ್ಲ.